ತೊಳೆದು ಹೋದ ಎಪ್ಪತ್ತೆರಡು ಹೆಸರು

ನಮ್ಮ ಕಡೆ ‘ವೈನ್ ಸ್ಟೋರ್’ ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಹಾಗಾಗಿ ನಲ್ಲೂರಿನ ಪಿಳ್ಳಣ್ಣನ ಮಗಳು ಶಿಲ್ಪ ವೈನ್ ವ್ಯಾಪಾರಕ್ಕೆ ಇಳಿದಳಂತೆ ಎಂಬ ಸುದ್ದಿ ಬಂದಾಗ, ಊರಿನ ಜನ ಆಕೆಯನ್ನು ಕಬ್ಬಿಣದ ಜಾಲರಿಯ ಹಿಂದೆ ಕೂರಿಸಿ, ಕೈಗೊಂದು ಕ್ವಾರ್ಟರ್ ಬಾಟಲಿ ಕೊಟ್ಟು, ತಾವೇ ಕಣ್ಣಾರೆ ನೋಡಿ ಬಂದವರ ಹಾಗೆ ಮಾತಾಡಿಕೊಂಡರು. "ಇದಕ್ಕೇನಪ್ಪಾ ಓದ್ಸಿದ್ದು?" ಎಂದು ಪಿಳ್ಳಣ್ಣನ ಮುಖದ ಮೇಲೆ ಕೇಳಿದವರೂ ಉಂಟು. ಪಿಳ್ಳಣ್ಣ ಹೆಚ್ಚು ಮಾತಿನ ಮನುಷ್ಯನಲ್ಲ. ಹುಣಸೆ ತೋಪಿನ ಕಡೆ ಮುಖ ತಿರುಗಿಸಿ ಬೀಡಿ ಹಚ್ಚಿದ, ಅಷ್ಟೆ.

ಲಕ್ಕಮ್ಮನೂ ಮೊದಲು ಊರಿನವರ ಹಾಗೆಯೇ ಅಂದುಕೊಂಡಿದ್ದಳು. ಅವಳು ಇಪ್ಪತ್ತೈದು ವರ್ಷ ದ್ರಾಕ್ಷಿ ಪ್ಯಾಕಿಂಗ್ ಮಾಡಿದ ಹೆಂಗಸು. ದೇವನಹಳ್ಳಿ ಸುತ್ತಮುತ್ತ ನೀಲಿ ದ್ರಾಕ್ಷಿಯ ಚಪ್ಪರಗಳು ಇರುವಷ್ಟು ಕಾಲ ಅವಳ ಕೈಗೆ ಬಿಡುವಿರಲಿಲ್ಲ. ಚಪ್ಪರ ಕಿತ್ತು ಲೇಔಟಿನ ಕಲ್ಲು ನೆಟ್ಟ ಮೇಲೆ ಕೈಗೆ ಬಿಡುವೇ ಉಳಿಯಿತು. ಪಿಳ್ಳಣ್ಣನ ಎರಡೆಕರೆ ಚಪ್ಪರದ ಕೆಳಗೂ ಕೂತು ಗೊಂಚಲು ಜೋಡಿಸಿದವಳು ಅವಳು. ಆಗ ಶಿಲ್ಪ ಲಂಗ ತೊಟ್ಟು ಓಡಾಡುವ ಹುಡುಗಿ. ಕಣ್ಣು ಮುಚ್ಚಿಸಿ ಬಾಯಿಗೊಂದು ಹಣ್ಣು ಹಾಕಿದರೆ, ಇದು ಬಾವಿ ಕಡೆ ಸಾಲಿನದು, ಇದು ಬೇಲಿ ಕಡೆಯದು ಎಂದು ಹೇಳಿಬಿಡುತ್ತಿದ್ದಳು. ಹೆಂಗಸರು ಕೆಲಸ ಬಿಟ್ಟು ಇನ್ನೊಂದು, ಮತ್ತೊಂದು ಹಾಕಿ ನೋಡುತ್ತಿದ್ದರು. ಒಂದೂ ತಪ್ಪುತ್ತಿರಲಿಲ್ಲ. "ಈ ಮಗೂಗೆ ದೃಷ್ಟಿ ತೆಗೀಬೇಕು ಕಣ್ರೇ" ಎಂದು ಲಕ್ಕಮ್ಮ ನೆಟಿಗೆ ಮುರಿಯುತ್ತಿದ್ದಳು.

ಆ ಹುಡುಗಿ ದೊಡ್ಡಬಳ್ಳಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಅಲ್ಲೇ ಹತ್ತಿರದ ಒಂದು ವೈನ್ ಕಾರ್ಖಾನೆಯ ಲ್ಯಾಬ್ ಸೇರಿ, ಅಲ್ಲಿಂದ ಬೆಂಗಳೂರಿನ ಆಮದು ಕಂಪನಿಯೊಂದಕ್ಕೆ ಹೋಗಿ, ಹತ್ತು ವರ್ಷ ಬೇರೆಯವರ ಬಾಟಲಿಗಳಿಗೆ ಕಾಗದಪತ್ರ ಬರೆದಳು. ಮೂವತ್ತೇಳನೇ ವಯಸ್ಸಿಗೆ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು ತನ್ನ ಹೆಸರಿನಲ್ಲೇ ಲೈಸೆನ್ಸ್ ತೆಗೆದುಕೊಂಡಳು. ದೇವನಹಳ್ಳಿಯಿಂದ ಆಚೆ, ವಿಮಾನಗಳು ತಲೆ ಮೇಲೆಯೇ ಇಳಿಯುವ ಕಡೆ, ಒಂದು ತಂಪು ಗೋದಾಮು ಹಿಡಿದಳು. ಬಂದ ಬಾಟಲಿಗಳಿಗೆ ಬೆಲೆಯ ಚೀಟಿ, ಎಚ್ಚರಿಕೆಯ ಚೀಟಿ ಅಂಟಿಸಲು ಕೈ ಬೇಕಿತ್ತು. ಲಕ್ಕಮ್ಮನನ್ನು ಹುಡುಕಿಕೊಂಡು ಮನೆಗೇ ಬಂದಳು.

"ಹೆಂಡದ ಅಂಗ್ಡೀಗೆ ನಾನು ಬರಕ್ಕಿಲ್ಲ ಕಣವ್ವ" ಎಂದಳು ಲಕ್ಕಮ್ಮ.

"ಅಂಗ್ಡಿ ಅಲ್ಲ ಲಕ್ಕಕ್ಕ, ಗೋದಾಮು. ಒಂದ್ಸಲ ಬಂದು ನೋಡು. ಇಷ್ಟ ಆಗ್ಲಿಲ್ಲ ಅಂದ್ರೆ ನಾನೇ ವಾಪಸ್ ಬಿಟ್ಬರ್ತೀನಿ."

ಬಂದು ನೋಡಿದಳು, ವಾಪಸ್ ಹೋಗಲಿಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೆ ಒಳಗೆ ಮಾಘದ ಬೆಳಗಿನ ತಂಪು. ಎದೆಮಟ್ಟದ ತನಕ ಮಲಗಿಸಿಟ್ಟ ಬಾಟಲಿಗಳು. ಒಂದು ಚೂರು ನಾತವಿಲ್ಲ, ಗಲಾಟೆಯಿಲ್ಲ. ಅದಕ್ಕಿಂತ ಹೆಚ್ಚಾಗಿ ಲಕ್ಕಮ್ಮನನ್ನು ಕಟ್ಟಿಹಾಕಿದ್ದು ಶಿಲ್ಪಳೇ. ಬೆಳಿಗ್ಗೆ ಕನ್ನಡದಲ್ಲಿ ಲಾರಿಯವನನ್ನು ಗದರಿ, ಹತ್ತು ಗಂಟೆಗೆ ಇಂಗ್ಲಿಷಿನಲ್ಲಿ ಬ್ಯಾಂಕಿನವರಿಗೆ ಉತ್ತರಿಸಿ, ಊಟವಾದ ಮೇಲೆ ಅದ್ಯಾವುದೋ ಭಾಷೆಯಲ್ಲಿ ಅದ್ಯಾವುದೋ ದೇಶದ ರೈತನ ಜೊತೆ ನಗುತ್ತ ಚೌಕಾಸಿ ಮಾಡುತ್ತಿದ್ದಳು. ತಪಾಸಣೆಗೆ ಬಂದ ಅಧಿಕಾರಿ ಸುತ್ತ ನೋಡಿ, "ಓನರ್ ಎಲ್ಲಮ್ಮ? ಕರೀರಿ" ಎಂದರೆ, "ಬಂದಿದ್ದೀನಿ ಸಾರ್, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆಯುತ್ತಿದ್ದಳು. ಹೀಗೆ ಎಷ್ಟು ಜನ ಎಷ್ಟು ಸಲ ಕೇಳಿದರೋ! ಅವಳು ಒಮ್ಮೆಯೂ ಮುಖ ಸಿಂಡರಿಸಿದ್ದನ್ನು ಲಕ್ಕಮ್ಮ ಕಂಡಿಲ್ಲ. ಕಂಡಿದ್ದರೆ ಲಕ್ಕಮ್ಮನೇ ಒಂದು ಮಾತು ಆಡುತ್ತಿದ್ದಳು, ಅವಳ ನಾಲಿಗೆಯೂ ಸಾಮಾನ್ಯದ್ದಲ್ಲ.

ಇನ್ನು ಶಿಲ್ಪಳ ಮೂಗು! ಲಕ್ಕಮ್ಮನ ಬುತ್ತಿಯ ಮುಚ್ಚಳ ತೆಗೆಯುವ ಮೊದಲೇ, "ನೆನ್ನೆ ಹಪ್ಪಳ ಕರಿದ ಎಣ್ಣೇಲಿ ಒಗ್ಗರಣೆ ಹಾಕಿದ್ದೀಯ" ಎನ್ನುತ್ತಿದ್ದಳು. ಬಾಟಲಿಯ ಬಿರಡೆ ತೆಗೆದು ಒಮ್ಮೆ ಮೂಸಿ, ಆ ವರ್ಷ ಆ ಊರಿನಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಬಂತೋ ಇಲ್ಲವೋ ಹೇಳುತ್ತಿದ್ದಳು. ಲಕ್ಕಮ್ಮ ಮೊದಮೊದಲು ಇದನ್ನು ಕಣಿ ಹೇಳುವ ಬಾಬತ್ತು ಎಂದುಕೊಂಡು ನಕ್ಕಳು. ಆಮೇಲೆ ಫೋನಿನ ಆಚೆಯಿಂದ ಆ ಊರಿನವರೇ ಹೌದೆಂದದ್ದು ಕೇಳಿ ಬಾಯಿ ಮುಚ್ಚಿಕೊಂಡಳು. ದೇವರು ಎಲ್ಲರಿಗೂ ಉಸಿರಾಡಲು ಮೂಗು ಕೊಟ್ಟರೆ ಇವಳಿಗೆ ಓದಲು ಕೊಟ್ಟಿದ್ದಾನೆ ಎಂದು ಮನೆಯಲ್ಲಿ, ಬಸ್ಸಿನಲ್ಲಿ, ಸಂಘದ ಮೀಟಿಂಗಿನಲ್ಲಿ ಹೇಳಿಕೊಂಡು ತಿರುಗಿದಳು.

ಆ ದಸರೆಗೆ ಸ್ವಲ್ಪ ಮುಂಚೆ ಪೋರ್ಚುಗಲ್ಲಿನಿಂದ ಆರು ಪೆಟ್ಟಿಗೆ ಬಂದವು. ಎಪ್ಪತ್ತೆರಡು ಬಾಟಲಿ. ಇದು ದೊಡ್ಡ ಮಾಲೇನಲ್ಲ, ಆದರೆ ಶಿಲ್ಪ ಎರಡು ವರ್ಷ ಕಾದು ತರಿಸಿದ ಮಾಲು. ರೋಸಾ ಎಂಬ ಎಪ್ಪತ್ತು ದಾಟಿದ ಮುದುಕಿ ಅಲ್ಲಿನ ಒಂದು ಬೆಟ್ಟದ ಮೇಲೆ ತಾನೇ ದ್ರಾಕ್ಷಿ ಬೆಳೆದು, ತಾನೇ ಹಿಂಡಿ, ಆರು ವರ್ಷ ನೆಲಮಾಳಿಗೆಯಲ್ಲಿಟ್ಟಿದ್ದಳು. ಒಂದೇ ಬೆಟ್ಟ, ಮೂರು ತೋಟ: ಬುಡದಲ್ಲಿ ಹೊಳೆಯ ಪಕ್ಕದ್ದು, ಅದರ ಮೇಲೆ ನಡು ತೋಟ, ತುದಿಯಲ್ಲಿ ಬಂಡೆಗಳ ನಡುವಿನ ತಲೆ ತೋಟ. ಒಂದೊಂದರದು ಇಪ್ಪತ್ನಾಲ್ಕು ಬಾಟಲಿ. ರೋಸಾಳ ಫೋಟೋವನ್ನು ಶಿಲ್ಪ ತೋರಿಸಿದಾಗ ಲಕ್ಕಮ್ಮ ಮುಖ ನೋಡಲಿಲ್ಲ, ಕೈ ನೋಡಿದಳು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಎದ್ದ ಗಂಟು, ತನಗಿದ್ದ ಜಾಗದಲ್ಲೇ ಇತ್ತು.

ವಿಮಾನ ನಿಲ್ದಾಣದ ಹತ್ತಿರದ ದೊಡ್ಡ ಹೋಟೆಲೊಂದರಲ್ಲಿ ವೈನ್ ಕೊಳ್ಳುವ ಅಧಿಕಾರಿ ಅಂಬರೀಶ್. ಅವನು ಶಿಲ್ಪ ಕೊಟ್ಟ ಮಾದರಿ ಬಾಟಲಿಗಳ ರುಚಿ ನೋಡಿ, ಮೂರೂ ತೋಟದ್ದನ್ನು ಒಟ್ಟಿಗೆ ಕೊಳ್ಳುತ್ತೇನೆ, ಬೆಟ್ಟ ಹತ್ತಿದ ಹಾಗೆ ಒಂದಾದ ಮೇಲೊಂದು ಬಡಿಸಬೇಕು ಎಂದಿದ್ದ. ಇದು ಸರಿಹೋದರೆ ಶಿಲ್ಪಳ ಹೆಸರು ನಿಲ್ಲುತ್ತಿತ್ತು. ಒಂಟಿ ಹೆಂಗಸು, ಹಿಂದೆ ಮುಂದೆ ಯಾರಿಲ್ಲ, ಇವಳನ್ನು ನಂಬಿ ಹೇಗೆ ಕೊಳ್ಳುವುದು ಎಂದು ಎಳೆದಾಡುತ್ತಿದ್ದ ಉಳಿದ ಹೋಟೆಲಿನವರೂ ಬಾಗಿಲು ತೆರೆಯುತ್ತಿದ್ದರು. ಸರಿಹೋಗದಿದ್ದರೆ ಗೋದಾಮಿಗೆ ಬೀಗ, ಮತ್ತೆ ಬೇರೆಯವರ ಬಾಟಲಿಗೆ ಕಾಗದ ಬರೆಯುವ ಕೆಲಸ. ಇದನ್ನು ಶಿಲ್ಪ ಲಕ್ಕಮ್ಮನಿಗೂ ಭಾಗ್ಯಮ್ಮನಿಗೂ ಮುಚ್ಚಿಡದೆ ಹೇಳಿದ್ದಳು. ಭಾಗ್ಯಮ್ಮ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್ ಬಿಟ್ಟು ಇಲ್ಲಿಗೆ ಬಂದವಳು, ಚೀಟಿ ಅಂಟಿಸುವುದರಲ್ಲಿ ಲಕ್ಕಮ್ಮನ ಜೊತೆಗಾತಿ.

ಆಯುಧಪೂಜೆಯ ಹಿಂದಿನ ದಿನ ಮೂವರೂ ಸೇರಿ ಗೋದಾಮಿನ ಧೂಳು ಹೊಡೆದರು. ಶಿಲ್ಪಳಿಗೆ ಸೀನು ಶುರುವಾದದ್ದು ಆಗಲೇ. ಸಂಜೆಗೆ ಮೂಗು ಕಟ್ಟಿ, ಮನೆಗೆ ಹೋಗಿ ಮಲಗಿದಳು.

ಮರುದಿನ ಹಬ್ಬ. ಬೆಳಿಗ್ಗೆ ಬೇಗ ಬಂದ ಲಕ್ಕಮ್ಮ ಕತ್ತರಿ, ಟೇಪು, ತಳ್ಳುಗಾಡಿ, ತೂಕದ ಯಂತ್ರ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದಳು. ಮೇಜಿನ ಮೇಲೆ ಚೀಟಿ ಅಂಟಿಸಲು ತೆಗೆದಿಟ್ಟ ರೋಸಾಳ ಬಾಟಲಿಗಳ ಕಡೆ ಕಣ್ಣು ಹೋಯಿತು. ಆರು ವರ್ಷದ ನೆಲಮಾಳಿಗೆಯ ಧೂಳು, ಜೇಡರ ಬಲೆಯ ಎಳೆ. ಹಬ್ಬದ ದಿನ ದೇವರ ಮುಂದೆ ಇಂಥ ಗಲೀಜು ಬಾಟಲಿಯೇ? ಅದೂ ಮನೆ ನಿಲ್ಲಿಸಬೇಕಾದ ಬಾಟಲಿ! ತೊಳೆಯದ ಪಾತ್ರೆಯನ್ನು ಯಾವ ಹೆಂಗಸು ಪೂಜೆಗೆ ಇಡುತ್ತಾಳೆ? ಹಿಂದಿನ ಸಿಮೆಂಟ್ ತೊಟ್ಟಿಗೆ ನೀರು ಬಿಟ್ಟು, ಎಪ್ಪತ್ತೆರಡನ್ನೂ ಹಸುಗೂಸಿನ ಹಾಗೆ ಜೋಪಾನವಾಗಿ ಮಲಗಿಸಿ, ನೆನೆಯಲಿ ಎಂದು ಮಾವಿನ ತೋರಣ ಕಟ್ಟಲು ಹೋದಳು.

ದ್ರಾಕ್ಷಿಯ ಮೇಲಿನ ಬೂದಿಯಂಥ ಬಿಳಿ ಪದರವನ್ನು ಒರೆಸಬಾರದು, ಒರೆಸಿದರೆ ಹಣ್ಣಿನ ಬೆಲೆ ಬಿತ್ತು ಎಂದು ಇಪ್ಪತ್ತೈದು ವರ್ಷ ಹೊಸ ಹುಡುಗಿಯರಿಗೆ ಕೈ ಮೇಲೆ ಹೊಡೆದು ಕಲಿಸಿದ ಹೆಂಗಸು ಇವಳು. ಆದರೆ ಹಬ್ಬ ಬಂದರೆ ನಮ್ಮ ಹೆಂಗಸರಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆಯುವ ಒಂದು ಆವೇಶ ಬರುತ್ತದೆ, ಅದಕ್ಕೆ ಮದ್ದಿಲ್ಲ.

ತಿರುಗಿ ಬಂದಾಗ ತೊಟ್ಟಿಯ ತುಂಬ ಕಾಗದ ತೇಲುತ್ತಿತ್ತು. ನೀಲಿ, ಹಳದಿ, ಕೆಂಪು. ರೋಸಾ ತನ್ನ ಲೇಬಲುಗಳನ್ನು ನಮ್ಮೂರಲ್ಲಿ ಗೋಡೆಗೆ ಪೋಸ್ಟರ್ ಮೆತ್ತುವ ಹಾಗೆ ಮೈದಾ ಅಂಟಿನಲ್ಲಿ ಮೆತ್ತಿದ್ದಳು. ಮೂರು ತೋಟಕ್ಕೂ ಒಂದೇ ಬಗೆಯ ಹಸಿರು ಬಾಟಲಿ, ಒಂದೇ ಬಗೆಯ ಬಿರಡೆ. ಯಾವುದು ಯಾವ ತೋಟದ್ದು ಎಂದು ಹೇಳುತ್ತಿದ್ದದ್ದು ಆ ಕಾಗದ ಒಂದೇ. ಗಾಬರಿಬಿದ್ದ ಲಕ್ಕಮ್ಮ ಭಾಗ್ಯಮ್ಮನನ್ನು ಕೂಗಿ, ಬಾಟಲಿಗಳನ್ನು ಎತ್ತಿ ಎತ್ತಿ ಹಾಸಿದ ಗೋಣಿತಾಟಿನ ಮೇಲೆ ನಿಲ್ಲಿಸಿದಳು. ಎಲ್ಲವೂ ಹೊಳೆಯುತ್ತಿದ್ದವು, ಎಲ್ಲವೂ ಬೋಳು.

ಒಂಬತ್ತು ಗಂಟೆಗೆ ಶಿಲ್ಪ ರೇಷ್ಮೆ ಸೀರೆಯುಟ್ಟು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದಳು. ನೋಡಿದಳು. ಗೋಡೆಗೊರಗಿ ನಿಂತಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಲಕ್ಕಮ್ಮನ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುವ ಗಾದೆ. ಈಗ ಅದು ಅವಳಿಗೇ ತಿರುಗಿತು.

"ನಾನೇ ಕಣವ್ವ ಮಾಡಿದ್ದು. ಭಾಗ್ಯ ಅಲ್ಲ. ಇವತ್ತೇ ಹೊಂಟೋಗ್ತೀನಿ" ಎಂದಳು.

"ಎಲ್ಲೂ ಹೋಗ್ಬೇಡ. ಯಾರೂ ಒಂದು ಬಾಟ್ಲೀನೂ ಮುಟ್ಬೇಡಿ" ಎಂದಳು ಶಿಲ್ಪ. ದನಿ ಏರಲಿಲ್ಲ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಲಕ್ಕಮ್ಮ ಅತ್ತದ್ದು ಆಗ. ಬೈದಿದ್ದರೆ ಅಳುತ್ತಿರಲಿಲ್ಲವೇನೋ.

ಭಾಗ್ಯಮ್ಮ ಮೆಲ್ಲಗೆ ಒಂದು ಉಪಾಯ ಹೇಳಿದಳು. "ಅಕ್ಕ, ಆ ಯಮ್ಮನ ಹತ್ರ ಹೊಸ ಲೇಬಲ್ ತರ್ಸಿ, ಅಂದಾಜಲ್ಲಿ ಇಪ್ಪತ್ನಾಲ್ಕು ಇಪ್ಪತ್ನಾಲ್ಕು ಅಂಟಿಸ್ಬಿಟ್ರೆ? ಕುಡಿಯೋರಿಗೆ ಏನ್ ಗೊತ್ತಾಗತ್ತೆ?"

ಶಿಲ್ಪ ಲಕ್ಕಮ್ಮನ ಕಡೆ ತಿರುಗಿದಳು. "ಬೇಲಿ ಕಡೆ ಹಣ್ಣನ್ನ ಬಾವಿ ಕಡೇದು ಅಂತ ಪೆಟ್ಟಿಗೆ ಕಟ್ಟಿದ್ರೆ ನಮ್ಮಪ್ಪ ಏನ್ ಮಾಡ್ತಿದ್ದ ಲಕ್ಕಕ್ಕ?"

"ಪೆಟ್ಟಿಗೆ ಸಮೇತ ನನ್ನೂ ಆಚೆಗೆ ಬಿಸಾಕ್ತಿದ್ದ."

"ಹ್ಞೂಂ. ಒಂದೊಂದು ತೋಟದ ಹಣ್ಣು ಒಂದೊಂದು ಕಡೆ. ಬೆರೆಸಿದ್ರೆ ಪ್ಯಾಕಿಂಗ್‌ನೋಳ ಮಾನ ಹೋಯ್ತು ಅಂತ ನೀನೇ ಅಲ್ವಾ ಹೇಳ್ತಿದ್ದದ್ದು? ತೊಟ್ಟೀಲಿ ಹೇಗೆ ಮಲಗಿಸ್ದೆ?"

ಲಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಯೋಚಿಸಿದಳು. "ತಲೆ ಕೆಲಸ ಮಾಡ್ತಿಲ್ಲ" ಎಂದಳು.

"ತಲೆ ಬಿಡು. ಕೈ ಹೇಳತ್ತೆ. ಕಣ್ಣು ಮುಚ್ಕೊಂಡು ಇನ್ನೊಂದ್ಸಲ ಮಾಡಿ ತೋರ್ಸು."

ಖಾಲಿ ತೊಟ್ಟಿಯ ಮುಂದೆ ಲಕ್ಕಮ್ಮ ಕಣ್ಣು ಮುಚ್ಚಿ ನಿಂತಳು. ನಾಚಿಕೆಯಾಯಿತು. ಗಾಳಿಯಲ್ಲಿ ಕೈ ಆಡಿಸಿದಳು. ಒಂದೆರಡು ಸಲ ಎಡವಿತು. ಆಮೇಲೆ ಕೈ ತನ್ನಷ್ಟಕ್ಕೆ ನಡೆಯತೊಡಗಿತು. ಜೋಡಿ ಜೋಡಿಯಾಗಿ ತೆಗೆದು, ಗೋಡೆಯ ಬದಿಗೆ ಒಂದು ಪಟ್ಟಿ, ನಡುವೆ ಒಂದು ಪಟ್ಟಿ, ತನ್ನ ಹೊಟ್ಟೆಯ ಬದಿಗೆ ಒಂದು ಪಟ್ಟಿ. ಮೂರು ತೋಟ, ಮೂರು ಪಟ್ಟಿ, ನಡುವೆ ಎರಡೆರಡು ಬೆರಳ ಜಾಗ. ಇಪ್ಪತ್ತೈದು ವರ್ಷ ಮಾಡಿದ್ದನ್ನು ಕೈ ಬಾಟಲಿಗೂ ಮಾಡಿತ್ತು. ಹೊಳೆ ತೋಟ ಮೊದಲು, ಗೋಡೆಗೆ. ತಲೆ ತೋಟ ಕೊನೆಗೆ, ತನ್ನ ಹತ್ತಿರ. ತೆಗೆಯುವಾಗ ಗಾಬರಿಯಲ್ಲೂ ಹತ್ತಿರದ ಜೋಡಿಯೇ ಮೊದಲು ಕೈಗೆ ಬಂದಿತ್ತು. ಗೋಣಿತಾಟಿನ ಮೇಲೂ ಮೊದಲು ತೆಗೆದ ತಲೆ ತೋಟದ್ದು ಗೋಡೆಯ ಕಡೆ, ಕೊನೆಗೆ ತೆಗೆದ ಹೊಳೆ ತೋಟದ್ದು ಬಾಗಿಲ ಕಡೆ, ಸಾಲು ತಪ್ಪದೆ ನಿಂತಿದ್ದವು. ಜೀವ ಬಾಯಿಗೆ ಬಂದಿದ್ದಾಗಲೂ ಈ ಕೈ ಸಾಲು ಬಿಟ್ಟಿರಲಿಲ್ಲ ಎಂದು ಲಕ್ಕಮ್ಮನಿಗೇ ಬೆರಗಾಯಿತು.

ಶಿಲ್ಪ ಗೋಡೆಯ ತುದಿಯಿಂದ ಒಂದು, ಎರಡು, ಮೂರು ಎಂದು ಪ್ರತಿ ಬಾಟಲಿಗೂ ಸಣ್ಣ ಅಂಕಿ ಅಂಟಿಸಿದಳು. ಒಂದರಿಂದ ಇಪ್ಪತ್ನಾಲ್ಕು ತಲೆ ತೋಟ, ನಲವತ್ತೆಂಟರವರೆಗೆ ನಡು ತೋಟ, ಉಳಿದದ್ದು ಹೊಳೆ ತೋಟ. ಇಷ್ಟಾದ ಮೇಲೆ ಪೂಜೆ ಮಾಡಿದಳು. ಕುಂಬಳಕಾಯಿಯನ್ನು ಲಕ್ಕಮ್ಮನ ಕೈಯಲ್ಲೇ ಒಡೆಸಿದಳು.

ರೋಸಾಳಿಗೆ ಫೋನ್ ಹೋಯಿತು, ಅಬಕಾರಿ ಇಲಾಖೆಗೆ ಪತ್ರ ಹೋಯಿತು. ಒಪ್ಪಿಗೆಯೂ ಹೊಸ ಲೇಬಲುಗಳೂ ಬರಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಕೇಡು ಬಯಲಾಯಿತು. ಶಿಲ್ಪಳ ನೆಗಡಿ ಹೋಯಿತು, ವಾಸನೆ ತಿರುಗಿ ಬರಲಿಲ್ಲ. ಕರ್ಪೂರ ಮೂಗಿಗೆ ಹಿಡಿದರೂ ಗೊತ್ತಾಗುತ್ತಿರಲಿಲ್ಲ. "ಬರತ್ತೆ, ಆದ್ರೆ ಇಷ್ಟೇ ದಿನ ಅಂತ ಹೇಳಕ್ಕಾಗಲ್ಲ" ಎಂದರು ಡಾಕ್ಟರು. ವೈನ್ ವ್ಯಾಪಾರಿಗೆ ಮೂಗು ಹೋಯಿತೆಂದರೆ ಅಕ್ಕಸಾಲಿಗೆ ಕಣ್ಣು ಹೋದ ಹಾಗೆ. ಶಿಲ್ಪ ಆ ದಿನವೂ ಫೋನಿನಲ್ಲಿ ನಗುತ್ತಲೇ ಮಾತಾಡಿದಳು. ಫೋನ್ ಇಟ್ಟ ಮೇಲೆ ಅವಳು ಖಾಲಿ ಲೋಟವೊಂದನ್ನು ಮೂಗಿಗೆ ಹಿಡಿದು ಕೂತದ್ದನ್ನು ಲಕ್ಕಮ್ಮ ಬಾಗಿಲ ಸಂದಿಯಿಂದ ನೋಡಿ ಹಿಂದೆ ಸರಿದಳು.

ಸಾಲುಗಳು ಸರಿಯಿವೆಯೇ ಎಂದು ಪರೀಕ್ಷಿಸಬೇಕಾದ ಮೂಗೇ ಇಲ್ಲದಂತಾಯಿತು. ಕಪಾಟಿನಲ್ಲಿ ಮೂರು ಮಾದರಿ ಬಾಟಲಿಗಳಿದ್ದವು, ಲೇಬಲ್ ಸಮೇತ, ತೋಟಕ್ಕೊಂದು. ಒಂದು ಮಧ್ಯಾಹ್ನ ಶಿಲ್ಪ ಮೂರನ್ನೂ ಲೋಟಕ್ಕೆ ಸುರಿದು ಲಕ್ಕಮ್ಮನ ಮುಂದೆ ಇಟ್ಟಳು.

"ನೀನು ಮೂಸು."

"ಅಯ್ಯೋ ನನ್ನವ್ವ, ನಂಗೇನ್ ಗೊತ್ತು? ಅದೂ ಶನಿವಾರ ಬೇರೆ."

"ಕುಡಿ ಅಂದ್ನಾ? ಮೂಸೋದಕ್ಕೆ ಯಾವ ವಾರ ಅಡ್ಡ ಬರತ್ತೆ? ಗೊಂಚಲು ಮೂಸಿ, ನಾಳೆ ಕೊಯ್ರಿ, ಇವತ್ತು ಬೇಡ ಅಂತಿದ್ದೋಳು ಯಾರು?"

ಲಕ್ಕಮ್ಮ ಮೂಸಿದಳು. ಮೊದಲಿಗೆ ಮೂರೂ ಒಂದೇ ಘಾಟು. ಎರಡನೇ ದಿನ ಒಂದು ಬೇರೆಯೆನಿಸಿತು. ನಾಲ್ಕನೇ ದಿನಕ್ಕೆ ಮೂರೂ ಮೂರು ಕಡೆ ಹೋದವು. ಹೊಳೆ ತೋಟದ್ದರಲ್ಲಿ ನೇರಳೆ ಹಣ್ಣು, ಹೊಸ ಮಡಕೆ. ನಡು ತೋಟದ್ದರಲ್ಲಿ ಹುರಿದ ಹುರುಳಿ, ಹಳೇ ಹುಣಸೆಹಣ್ಣು. ತಲೆ ತೋಟದ್ದನ್ನು ಮೂಸಿದಾಗ ಅವಳ ಮೈ ಜುಮ್ಮೆಂದಿತು. ಬಿಸಿಲಿಗೆ ಕಾದ ಬಂಡೆಯ ಮೇಲೆ ಮೊದಲ ಹನಿ ಬಿದ್ದ ವಾಸನೆ, ಅದರ ಹಿಂದೆ ಕಾಡುತುಳಸಿ. ತಾನು ಎಂದೂ ಕಾಣದ, ಕಾಣಲಾರದ ಒಂದು ಬೆಟ್ಟ ಲೋಟದೊಳಗೆ ಕೂತಿದೆ! ಈ ಮಗು ಇಷ್ಟು ವರ್ಷ ದೇಶ ತಿರುಗಿದ್ದು ಇದನ್ನು ಹಿಂಬಾಲಿಸಿಕೊಂಡೇ ಎಂದು ಲಕ್ಕಮ್ಮನಿಗೆ ಆಗ ಅರ್ಥವಾಯಿತು. ಊರಿನವರಿಗೆ ಇದನ್ನು ಹೇಗೆ ಹೇಳುವುದು ಎಂದು ಮಾತ್ರ ತಿಳಿಯಲಿಲ್ಲ.

ಹೊಸ ಲೇಬಲ್ ಅಂಟಿಸಿದ ಮೂರನೇ ದಿನ ಅಂಬರೀಶ್ ಬಂದ. ಶಿಲ್ಪ ಅವನಿಗೆ ಕಾಫಿ ಕೊಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. "ಹಬ್ಬಕ್ಕೆ ನಾವು ತೊಳೆದ್ವಿ ಸಾರ್, ಲೇಬಲ್ ಹೋಯ್ತು" ಎಂದಳೇ ಹೊರತು ಯಾರ ಹೆಸರನ್ನೂ ಎತ್ತಲಿಲ್ಲ. ತನ್ನ ಮೂಗಿನ ವಿಷಯವನ್ನೂ ಮುಚ್ಚಿಡಲಿಲ್ಲ.

ಅಂಬರೀಶ್ ಲೋಟ ಕೆಳಗಿಟ್ಟ. "ಮೇಡಂ, ಹೇಳದೇ ಇದ್ದಿದ್ರೆ ನಾನು ಕೇಳ್ತಾನೂ ಇರ್ಲಿಲ್ಲ. ಈಗ ಹೇಗೆ ನಂಬ್ಲಿ?"

"ನಂಬಬೇಡಿ. ನಿಮಗೆ ಬೇಕಾದ ಬಾಟ್ಲಿ ಆರಿಸಿ, ಬಟ್ಟೆ ಸುತ್ತಿ ತೆಗೀರಿ. ನಮ್ಮ ಲಕ್ಕಕ್ಕ ಹೇಳ್ತಾಳೆ. ತಪ್ಪಿದ್ರೆ ಎಪ್ಪತ್ತೆರಡೂ ನಂದೇ."

ಅಂಬರೀಶ್ ಕಿಲಾಡಿ. ಸಾಲಿನ ಕಥೆಯನ್ನು ಕಿವಿಗೊಟ್ಟು ಕೇಳಿದ್ದ. ನಡುವಿನಿಂದ ತೆಗೆಯಲಿಲ್ಲ. ಒಂದು ತೋಟ ಮುಗಿದು ಇನ್ನೊಂದು ಶುರುವಾಗುವ ಗಡಿಗೆ ಹೋಗಿ, ಅಲ್ಲಿಂದ ಒಂದನ್ನು ಎತ್ತಿ, ಕರವಸ್ತ್ರ ಸುತ್ತಿ, ಬಿರಡೆ ತೆಗೆದು ಸುರಿದ.

ಲಕ್ಕಮ್ಮ ಲೋಟವನ್ನು ಮೂಗಿಗೆ ಹಿಡಿದಳು. ಒಮ್ಮೆ ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. ಕಾದ ಬಂಡೆ. ಕಾಡುತುಳಸಿ.

"ತಲೆ ತೋಟದ್ದು" ಎಂದಳು.

ಅಂಬರೀಶ್ ಕರವಸ್ತ್ರ ಬಿಚ್ಚಿದ. ಹಳದಿ ಲೇಬಲ್. ನಡು ತೋಟ. ಅಂಕಿ ಇಪ್ಪತ್ತೈದು.

ಮೇಲೆ ಒಂದು ವಿಮಾನ ಇಳಿದುಹೋದ ಸದ್ದು ಪೂರ್ತಿ ಕೇಳಿಸಿತು. ಅಯ್ಯೋ, ಮರೆತೆ, ನಡು ತೋಟದ್ದೇ ಎಂದುಬಿಡಲು ಲಕ್ಕಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಆಗ ಶಿಲ್ಪ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಬರೀ ಪ್ರಶ್ನೆ ಇತ್ತು.

"ಮೂಗು ತಪ್ಪಿಲ್ಲ ಕಣವ್ವ" ಎಂದಳು ಲಕ್ಕಮ್ಮ. "ಲೇಬಲ್ಲೇ ತಪ್ಪು. ಇದು ತಲೆ ತೋಟದ್ದೇ."

ಶಿಲ್ಪ ಬಾಟಲಿಯನ್ನು ತೆಗೆದುಕೊಂಡು, ಅದರ ಹಳದಿ ಲೇಬಲನ್ನು ಎಲ್ಲರ ಎದುರಿಗೇ ಸರ್ರನೆ ಹರಿದು ಹಾಕಿದಳು. ಅಂಬರೀಶ್ ಹುಬ್ಬೇರಿಸಿದ.

"ಈ ಕಡೆ ಬಂದಿರೋದು ನಿಜ ಆದ್ರೆ ಇದರ ಬದಲಿಗೆ ಒಂದು ಆ ಕಡೆ ಹೋಗಿರ್ಬೇಕು" ಎಂದಳು ಶಿಲ್ಪ. "ಈ ಜಾಗದಲ್ಲಿ ಲಕ್ಕಕ್ಕನ ಕೈ ಬಿಟ್ಟು ಇನ್ನೊಂದು ಕೈ ಬಂದಿದೆಯಾ?"

ಮೂಲೆಯಲ್ಲಿದ್ದ ಭಾಗ್ಯಮ್ಮನ ಮುಖ ಬಿಳಿಚಿತು. "ನೀವು ಬರೋಕ್ ಮುಂಚೆ ನಾನು ಅ... ಅಂಟು ಒರೆಸಿದ್ದೆ. ನಾಕು ಬಾಟ್ಲೀಲಿ ಮೈದಾ ಹಂಗೇ ಉಳ್ಕಂಡಿತ್ತು. ಒಂದು ಜೊತೆ ತಗೊಂಡೆ, ಪಕ್ಕದ ಜೊತೇನೂ ತಗೊಂಡೆ. ಒರೆಸಿ ಅಲ್ಲೇ ಇಟ್ಟೆ. ಯಾವ ಜೊತೆ ಯಾವ ಕಡೆ ಇಟ್ನೋ..."

"ಹಾಗಾದ್ರೆ ಇಪ್ಪತ್ತೈದು, ಇಪ್ಪತ್ತಾರು ತಲೆ ತೋಟದ್ದು. ಇಪ್ಪತ್ಮೂರು, ಇಪ್ಪತ್ನಾಲ್ಕು ನಡು ತೋಟದ್ದು. ಸಾರ್, ಇಪ್ಪತ್ಮೂರು ತೆಗೀರಿ."

ತಲೆ ತೋಟದ ಕೆಂಪು ಲೇಬಲ್ಲಿದ್ದ ಇಪ್ಪತ್ಮೂರನ್ನು ಅಂಬರೀಶ್ ತೆಗೆದ. ಈ ಸಲ ಮೊದಲು ತಾನೇ ಮೂಸಿದ. ಕಪಾಟಿನ ಮಾದರಿ ಬಾಟಲಿಯಿಂದ ನಡು ತೋಟದ್ದನ್ನು ಸುರಿಸಿಕೊಂಡು ಎರಡನ್ನೂ ಪಕ್ಕ ಪಕ್ಕ ಹಿಡಿದು, ಬಾಯಿಗೂ ಹಾಕಿ ನೋಡಿದ. ಬಹಳ ಹೊತ್ತು ತೆಗೆದುಕೊಂಡ. ಆಮೇಲೆ ಲೋಟವನ್ನು ಲಕ್ಕಮ್ಮನ ಕಡೆ ನೀಡಿದ. "ಅಮ್ಮ, ಏನ್ ಅಂತೀರ?"

ಹುರಿದ ಹುರುಳಿ. ಹಳೇ ಹುಣಸೆ. "ನಡು ತೋಟದ್ದು ಸಾಮಿ" ಎಂದಳು ಲಕ್ಕಮ್ಮ.

"ಹೌದು" ಎಂದ ಅಂಬರೀಶ್. ಕುರ್ಚಿಯಲ್ಲಿ ಹಿಂದಕ್ಕೊರಗಿ ತಲೆಯಲ್ಲಾಡಿಸಿ ನಕ್ಕ. "ಎಲ್ಲ ಸರಿ ಬಂದಿದ್ರೆ ಅದೃಷ್ಟ ಅಂದ್ಕೊಳ್ತಿದ್ದೆ. ತಪ್ಪು ಎಲ್ಲಿದೆ ಅಂತ ಅಳೆದು ತೋರಿಸಿದ್ರಲ್ಲ, ಇನ್ನೇನ್ ಬೇಕು? ನಾಳೆ ಗಾಡಿ ಕಳಿಸ್ತೀನಿ. ಮುಂದಿನ ಸಲ ಏನ್ ತರಿಸಿದ್ರೂ ಮೊದ್ಲು ನಂಗೆ ಹೇಳಿ."

ಅವನ ಕಾರು ಗೇಟು ದಾಟುವವರೆಗೂ ಶಿಲ್ಪ ನೆಟ್ಟಗೆ ನಿಂತಿದ್ದಳು. ಆಮೇಲೆ ಒಳಗೆ ಬಂದು ನೆಲದ ಮೇಲೆಯೇ, ಗೋಣಿತಾಟಿನ ಮೇಲೆ ಕೂತುಬಿಟ್ಟಳು. ಭಾಗ್ಯಮ್ಮ ಒಂದೇ ಸಮನೆ ಅಳುತ್ತಿದ್ದಳು, ಅವಳನ್ನು ಕಾಫಿ ಮಾಡಲು ಅಟ್ಟಿದಳು. ಲಕ್ಕಮ್ಮ ಪಕ್ಕದಲ್ಲಿ ಕೂತಳು. ಎಪ್ಪತ್ತೆರಡೂ ತನ್ನದೇ ಎಂದು ಪಣವಿಟ್ಟು, ಮೂಸಲು ತನಗೆ ಮೂಗಿಲ್ಲದೆ, ಇನ್ನೊಬ್ಬಳ ಮಾತಿನ ಮೇಲೆ ಲೇಬಲ್ ಹರಿದ ಈ ಹೆಂಗಸು ತಾನು ಹಣ್ಣು ತಿನ್ನಿಸಿ ಆಡಿಸಿದ ಮಗುವೇ ಎಂದು ನೋಡುತ್ತ ಕೂತಳು. ಅವಳಿಗೆ ಕೈ ಮುಗಿಯಬೇಕೆನಿಸಿತು. ಮುಗಿದರೆ ಬೈಯುತ್ತಾಳೆಂದು ಗೊತ್ತಿತ್ತು.

ಶಿಲ್ಪ ತೆರೆದಿದ್ದ ಇಪ್ಪತ್ತೈದನೇ ಬಾಟಲಿಯಿಂದ ಲೋಟಕ್ಕೆ ಸುರಿದಳು. ಮೂಗಿಗೆ ಹಿಡಿದಳು. ಕಾದಳು. ಇಳಿಸಿದಳು.

"ಇಲ್ಲ ಲಕ್ಕಕ್ಕ. ಏನೂ ಬರ್ತಿಲ್ಲ." ಲೋಟವನ್ನು ಲಕ್ಕಮ್ಮನ ಕಡೆ ಸರಿಸಿದಳು. "ಎರಡು ವರ್ಷದ ಹಿಂದೆ ಆ ಬೆಟ್ಟದ ಮೇಲೆ ನಿಂತು ಮೂಸಿದ್ದೆ. ಹಡಗಲ್ಲಿ ಇಷ್ಟು ದೂರ ಬಂದು ಹೇಗಾಗಿದೆಯೋ ನಂಗೆ ಗೊತ್ತೇ ಇಲ್ಲ. ನೀನ್ ಹೇಳು."

ಲಕ್ಕಮ್ಮ ಲೋಟ ತೆಗೆದುಕೊಂಡಳು.

"ಮೊದ್ಲು ಬಂಡೆ ಬರತ್ತೆ" ಎಂದಳು. "ಬೆಳಿಗ್ಗೆಯಿಂದ ಕಾದಿರೋ ಬಂಡೆ. ಅದರ ಮೇಲೆ ಒಂದೇ ಒಂದು ಹನಿ ಬಿದ್ದೈತೆ."

ಶಿಲ್ಪ ಕಣ್ಣು ಮುಚ್ಚಿಕೊಂಡಳು, ಚಪ್ಪರದ ಕೆಳಗೆ ಹಣ್ಣಿಗೆ ಬಾಯಿ ತೆರೆದು ಕಾಯುತ್ತಿದ್ದಳಲ್ಲ, ಹಾಗೆ.

"ಆಮೇಲೆ?" ಎಂದಳು.